ಮೊದಲು ಕುರ್ಚಿಯನ್ನು ಮಗುಚಿ ನೋಡಿ

“ಬ್ರಿಟಿಷ್ ಕಾಲದ್ದು ಸಾರ್, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಯಿಂದ ಬಂದಿದ್ದು.” ಬೆಂಗಳೂರಿನ ಶಿವಾಜಿನಗರವಿರಲಿ, ಕೊಚ್ಚಿಯ ಮಟ್ಟಂಚೇರಿಯಿರಲಿ, ಚೆಟ್ಟಿನಾಡಿನ ಕಾರೈಕುಡಿಯಿರಲಿ, ಹಳೆಯ ಮರದ ಸಾಮಾನು ಹುಡುಕಿಕೊಂಡು ಹೋದವರ ಕಿವಿಗೆ ಈ ಮಾತು ಬೀಳದೆ ಇರುವುದಿಲ್ಲ. ಮಾತು ಸುಳ್ಳೇ ಆಗಬೇಕೆಂದೇನೂ ಇಲ್ಲ. ಶ್ರೀರಂಗಪಟ್ಟಣ ಬಿದ್ದ 1799ರಿಂದ ಲೆಕ್ಕ ಹಾಕಿದರೂ 1947ರವರೆಗೆ ಸುಮಾರು ಒಂದೂವರೆ ಶತಮಾನ. ಯಾವುದೋ ತಾಲ್ಲೂಕು ಕಚೇರಿಗೆಂದು 1946ರಲ್ಲಿ ಮಾಡಿಸಿದ ಮೇಜೂ ಬ್ರಿಟಿಷ್ ಕಾಲದ್ದೇ. ಹಾಗಾಗಿ ಅಂಗಡಿಯವರ ಕಥೆಗೆ ತಲೆದೂಗಿ, ಆಮೇಲೆ ಕುರ್ಚಿಯನ್ನು ಮಗುಚಿ. ಯಾರು ನೋಡುತ್ತಾರೆಂದು ಬಡಗಿ ನಯ ಮಾಡದೆ ಬಿಟ್ಟ ಅಡಿಭಾಗ, ಬೆನ್ನು, ಡ್ರಾಯರಿನ ಒಳಮೈ ಇವುಗಳಲ್ಲೇ ವಯಸ್ಸಿನ ಗುರುತುಗಳು ಉಳಿದಿರುತ್ತವೆ.

ಹಳೆಯ ಪೀಠೋಪಕರಣ ಗುರುತಿಸುವುದು ಹೇಗೆಂದು ಹೇಳುವ ಪುಸ್ತಕಗಳು ಇಂಗ್ಲೆಂಡು, ಅಮೆರಿಕಗಳಿಂದ ಬೇಕಾದಷ್ಟು ಬಂದಿವೆ. ಕೈಗೆಲಸ ಕಂಡರೆ ಹಳೆಯದು, ಯಂತ್ರದ ಗುರುತು ಕಂಡರೆ ಹೊಸದು ಎಂಬುದು ಅವುಗಳ ಮೊದಲ ಪಾಠ. ಡ್ರಾಯರಿನ ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುವ ಸಂದು ಇರುತ್ತದಲ್ಲ, ಬಡಗಿಗಳು ಡವ್‌ಟೇಲ್ ಎನ್ನುವುದು, ಅದನ್ನು ಕತ್ತರಿಸುವ ಕೆಲಸ ಅಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಯಂತ್ರದ ಪಾಲಾಗಿತ್ತು. ಆದ್ದರಿಂದ ಅಲ್ಲಿ ಆ ಪಾಠ ಸರಿ. ನಮ್ಮಲ್ಲಿ ನಡೆಯುವುದಿಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಉಳಿ, ಕೈಗರಗಸ ಹಿಡಿದು ಅಂಥದೇ ಸಂದು ಮಾಡಿಕೊಡುವ ಆಚಾರಿಗಳು ಈಗಲೂ ಸಿಗುತ್ತಾರೆ. ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸದಿಂದ ದಿಮ್ಮಿ ಸೀಳುವ ಪದ್ಧತಿ ಸ್ವಾತಂತ್ರ್ಯದ ನಂತರವೂ ಎಷ್ಟೋ ಊರುಗಳಲ್ಲಿತ್ತು. ಹಲ್ಲುಗಳು ಒಂದು ದಪ್ಪ ಒಂದು ಸಣ್ಣ ಇವೆ, ಹಲಗೆಯ ಬೆನ್ನಿನಲ್ಲಿ ಓರೆಕೋರೆಯಾದ ಗರಗಸದ ಗೆರೆಗಳಿವೆ ಎಂದಾಕ್ಷಣ ವಿಕ್ಟೋರಿಯಾ ರಾಣಿಯವರೆಗೆ ಹೋಗಬೇಕಾಗಿಲ್ಲ. ಕೈಯಲ್ಲಿ ಮಾಡಿದ್ದು ಎಂದಷ್ಟೇ ಅದರ ಅರ್ಥ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಹಳೆಯ ತೊಟ್ಟಿಮನೆ, ಗುತ್ತಿನಮನೆಗಳನ್ನು ಕೆಡವಿದಾಗ ಬರುವ ತೊಲೆ, ಜಂತೆ, ಬಾಗಿಲವಾಡಗಳು ಸೀದಾ ಮರದ ವ್ಯಾಪಾರಿಗಳ ಕೈಗೆ ಹೋಗುತ್ತವೆ. ಅಲ್ಲಿ ಅವು ಕುರ್ಚಿಯಾಗುತ್ತವೆ, ಬೆಂಚಾಗುತ್ತವೆ, ರೆಸಾರ್ಟಿನ ಊಟದ ಮೇಜಾಗುತ್ತವೆ. ಮರ ನೂರು ವರ್ಷದ್ದು, ಮೇಜು ಹೋದ ವರ್ಷದ್ದು. “ಹಳೇ ಮರ ಸಾರ್” ಎಂದರೆ ಅಂಗಡಿಯವರು ನಿಜವನ್ನೇ ಹೇಳುತ್ತಿರುತ್ತಾರೆ. ನೀವು ಕೇಳಿದ್ದು ಮೇಜಿನ ವಯಸ್ಸು, ಅವರು ಹೇಳಿದ್ದು ಮರದ ವಯಸ್ಸು. ಮರ ಎಷ್ಟು ಹಳೆಯದು, ಮಾಡಿದ್ದು ಯಾವಾಗ, ಇದರ ಭಾಗಗಳೆಲ್ಲ ಮೊದಲಿಂದಲೂ ಒಟ್ಟಿಗಿದ್ದವೇ ಎಂಬ ಮೂರನ್ನೂ ಬಿಡಿಬಿಡಿಯಾಗಿಯೇ ಕೇಳಬೇಕು.

ಅಡಿಯಲ್ಲಿ ಏನಿದೆ

ಮೊಬೈಲಿನ ಟಾರ್ಚು, ಅಳತೆ ಟೇಪು, ಒಂದು ಭೂತಗನ್ನಡಿ, ಫ್ರಿಜ್‌ಗೆ ಅಂಟಿಸುವಂಥ ಒಂದು ಅಯಸ್ಕಾಂತ, ಒಂದು ಗುಂಡುಸೂಜಿ. ಇಷ್ಟಿದ್ದರೆ ಸಾಕು.

ಮೊದಲು ಬಣ್ಣ ನೋಡಿ. ಪಾಲಿಷ್ ಕಾಣದ ಮರ ಗಾಳಿಗೆ, ಧೂಳಿಗೆ ಒಡ್ಡಿಕೊಂಡು ಹತ್ತಾರು ವರ್ಷಗಳಲ್ಲಿ ತಾನಾಗಿಯೇ ಮಾಸಿ ಬೂದುಗಂದು ಬಣ್ಣಕ್ಕೆ ತಿರುಗುತ್ತದೆ. ಎರಡು ಹಲಗೆ ಒಂದರ ಮೇಲೊಂದು ಕೂತ ಜಾಗದಲ್ಲಿ, ಡ್ರಾಯರ್ ಒಳಗೆ ಮುಚ್ಚಿಹೋಗಿರುವ ಪಟ್ಟಿಯಲ್ಲಿ ಗಾಳಿ ಹೋಗಿರುವುದಿಲ್ಲ. ಅಲ್ಲಿ ಬಣ್ಣ ತಿಳಿಯಾಗಿಯೇ ಇರಬೇಕು. ಒಳಗೂ ಹೊರಗೂ ಸಂದಿಯಲ್ಲೂ ಒಂದೇ ಕಂದು ಇದ್ದರೆ ಯಾರೋ ಬಟ್ಟೆಯದ್ದಿ ಬಣ್ಣ ಬಳಿದಿದ್ದಾರೆ. ಚಹಾದ ಡಿಕಾಕ್ಷನ್ನು, ಪೊಟ್ಯಾಸಿಯಂ ಪರ್ಮಾಂಗನೇಟಿನ ನೀರು ಇದಕ್ಕೆ ಬಳಸುವ ಹಳೆಯ ಮದ್ದುಗಳು. ಡ್ರಾಯರಿನ ತಳಕ್ಕೆ ಪಾಲಿಷ್ ಮಾಡುವಷ್ಟು ಪುರಸೊತ್ತು, ದುಡ್ಡು ಹಳಬರಿಗಿರಲಿಲ್ಲ. ಅಲ್ಲಿ ಬಣ್ಣ ಕಂಡರೆ ಅದನ್ನು ಬಳಿದವರಿಗೆ ಏನೋ ಕಾರಣವಿತ್ತೆಂದು ತಿಳಿಯಿರಿ.

ಆಮೇಲೆ ಕಾಲಿನ ತುದಿ. ನಮ್ಮ ಕಡೆಯ ಮನೆಗಳಲ್ಲಿ ನೆಲ ದಿನಾ ನೀರು ಕಂಡಿದ್ದು. ತಲೆಮಾರುಗಟ್ಟಲೆ ಒರೆಸಿದ, ಸಾರಿಸಿದ ನೆಲದ ಮೇಲೆ ನಿಂತ ಕಾಲಿನ ಕೊನೆಯ ಒಂದೆರಡು ಅಂಗುಲ ಕಪ್ಪಾಗಿ, ನಾರು ಬಿಟ್ಟು ಒರಟಾಗಿರುತ್ತದೆ. ಅಡುಗೆಮನೆಯ ಜಾಲರಿ ಕಪಾಟಾದರೆ ಇನ್ನೂ ಸುಲಭ: ಇರುವೆ ಹತ್ತದಂತೆ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸುತ್ತಿದ್ದರಲ್ಲ, ಆ ನೀರಿನ ಮಟ್ಟದ ಉಂಗುರ ನಾಲ್ಕೂ ಕಾಲಿನಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಕಾಣುತ್ತದೆ. ನಕಲು ಮಾಡುವವರಿಗೆ ಇದು ಹೊಳೆಯುವುದು ಅಪರೂಪ.

ಸವೆತಕ್ಕೆ ಕಾರಣವಿರಬೇಕು. ಕುರ್ಚಿಯ ತೋಳು ಕೈ ಹಿಡಿಯುವ ತುದಿಯಲ್ಲಿ ಸವೆಯುತ್ತದೆ, ಮುಂದಿನ ಅಡ್ಡಪಟ್ಟಿ ಕಾಲಿಡುವ ನಡುಭಾಗದಲ್ಲಿ. ಎಲ್ಲ ಅಂಚುಗಳೂ ಸಮನಾಗಿ ದುಂಡಗಾಗಿದ್ದರೆ ಅದು ಮರಳು ಕಾಗದದ ಕೆಲಸ. ಕಾಫಿ ತೋಟದ ಬಂಗಲೆಗಳ ಈಸಿಚೇರನ್ನೇ ತೆಗೆದುಕೊಳ್ಳಿ. ಅದರ ತೋಳಿನ ಕೆಳಗಿಂದ ಇನ್ನೊಂದು ಪಟ್ಟಿ ಹೊರಗೆ ತಿರುಗುತ್ತದೆ. ಸಾಹೇಬರು ಅದರ ಮೇಲೆ ಕಾಲು ಚಾಚಿ ಬೂಟು ಬಿಚ್ಚಿಸಿಕೊಳ್ಳುತ್ತಿದ್ದರು. ಆ ಪಟ್ಟಿ ಸಾವಿರಾರು ಸಲ ತಿರುಗಿದ್ದರೆ ತೋಳಿನ ಅಡಿಯಲ್ಲಿ ಅರ್ಧಚಂದ್ರದ ಗೀರು ಬಿದ್ದಿರಲೇಬೇಕು, ತಿರುಗುವ ಕೀಲು ಕೊಂಚ ಸಡಿಲವಾಗಿ ರಂಧ್ರ ಅಗಲವಾಗಿರಬೇಕು. ಮೇಲೆಲ್ಲ ನೂರು ವರ್ಷದ ಕಳೆ, ಅಡಿಯಲ್ಲಿ ಒಂದು ಗೀರೂ ಇಲ್ಲ ಎಂದರೆ ಆ ಕುರ್ಚಿಯ ಮೇಲೆ ಯಾರೂ ಕಾಲು ಚಾಚಿಲ್ಲ. ಡ್ರಾಯರನ್ನೂ ಹೀಗೆಯೇ ಪೂರ್ತಿ ಹೊರಗೆಳೆದು ನೋಡಬೇಕು. ಅದರ ಪಕ್ಕದ ಹಲಗೆಗಳ ಕೆಳ ಅಂಚು ಸವೆದಷ್ಟೇ ಅದು ಜಾರುವ ಪಟ್ಟಿಯಲ್ಲೂ ಗಾಡಿಜಾಡು ಬಿದ್ದಿರಬೇಕು. ಒಂದು ಸವೆದು ಇನ್ನೊಂದು ಚೂಪಾಗಿದ್ದರೆ ಡ್ರಾಯರ್ ಬೇರೆ ಮೇಜಿನದು.

ಹುಳು ತಿಂದ ತೂತು ಕಂಡರೆ ಖುಷಿಪಡುವವರಿದ್ದಾರೆ. ಸ್ವಲ್ಪ ತಡೆಯಿರಿ. ಹುಳು ನೆಟ್ಟಗೆ ಕೊರೆಯುವುದಿಲ್ಲ. ಒಳಗೆ ಹೋಗಿ ಅಡ್ಡಾದಿಡ್ಡಿ ತಿರುಗುತ್ತದೆ. ಗುಂಡುಸೂಜಿ ಇಳಿಬಿಟ್ಟಾಗ ನೆಟ್ಟಗೆ ತಳ ಮುಟ್ಟಿದರೆ ಅದು ಡ್ರಿಲ್ಲಿನ ತೂತು. ಇನ್ನೂ ಒಂದು ಸೂಕ್ಷ್ಮವಿದೆ. ಹುಳು ಮೇಲ್ಮೈಯಲ್ಲಿ ಬಿಡುವುದು ಸಣ್ಣ ಗುಂಡು ತೂತನ್ನಷ್ಟೆ, ಅದರ ಸುರಂಗವಿರುವುದು ಒಳಗೆ. ಹಲಗೆಯ ಮೇಲೆ ಆ ಸುರಂಗ ಅರ್ಧ ಸೀಳಿದ ಕಾಲುವೆಯ ಹಾಗೆ ಉದ್ದಕ್ಕೆ ತೆರೆದುಕೊಂಡು ಕಾಣುತ್ತಿದ್ದರೆ, ಹುಳು ತಿಂದ ಮೇಲೆ ಆ ಮರವನ್ನು ಸೀಳಿದ್ದಾರೆ ಎಂದಾಯಿತು. ಹಳೆಯ ತೊಲೆ ಹೊಸ ಮೇಜಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಯಾವ ಕೆಲಸಕ್ಕೂ ಬಾರದ ಚೌಕ ಕುಳಿ, ಮರದ ತುಂಡು ಬಡಿದು ಮುಚ್ಚಿದ ಹಳೆಯ ಮೊಳೆಯ ಜಾಗ ಇವೂ ಅದೇ ಕಥೆ ಹೇಳುತ್ತವೆ. ಅಂದಹಾಗೆ ತೇಗ, ಬೀಟೆಗಳ ಚೇಗು ಹುಳುವಿಗೆ ಸುಲಭಕ್ಕೆ ಬಗ್ಗುವುದಿಲ್ಲ; ಅದು ತಿನ್ನುವುದು ಹೊರಗಿನ ಬಿಳಿ ಮರವನ್ನು. ಕಡು ಬಣ್ಣದ ಚೇಗಿನ ನಡುವೆಯೇ ತೂತುಗಳ ಜಾತ್ರೆಯಿದ್ದರೆ ಅನುಮಾನಿಸಿ.

ಟೇಪು ಯಾಕೆಂದರೆ, ಮರ ಒಣಗುತ್ತಾ ನಾರಿನ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ. ದುಂಡು ಮೇಜನ್ನು ನಾರಿನ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆಯಿರಿ. ಹಳೆಯದಾದರೆ ಎರಡೂ ಒಂದೇ ಬರುವುದಿಲ್ಲ. ಆದರೆ ಮರ ಮೊದಲೇ ನೂರು ವರ್ಷ ಒಣಗಿದ ತೊಲೆಯದಾಗಿದ್ದು, ಆಮೇಲೆ ದುಂಡಗೆ ಕತ್ತರಿಸಿದ್ದರೆ ಮೇಜು ದುಂಡಗೇ ಉಳಿಯುತ್ತದೆ. ಹಾಗಾಗಿ ಮರದ ವಯಸ್ಸನ್ನೂ ಮೇಜಿನ ವಯಸ್ಸನ್ನೂ ಬೇರೆ ಮಾಡಿ ತೋರಿಸುವ ಕೆಲವೇ ಪರೀಕ್ಷೆಗಳಲ್ಲಿ ಇದೂ ಒಂದು.

ಸ್ಕ್ರೂಗಳ ವಿಷಯ ಚಿಕ್ಕದು. ಪ್ಲಸ್ ತಲೆಯ ಸ್ಕ್ರೂ ಅಮೆರಿಕದಲ್ಲೇ ಚಾಲ್ತಿಗೆ ಬಂದದ್ದು 1930ರ ದಶಕದಲ್ಲಿ, ನಮ್ಮ ಬಡಗಿಗಳ ಪೆಟ್ಟಿಗೆಗೆ ಇನ್ನೂ ತಡವಾಗಿ. ತುದಿ ಮೊಂಡಾಗಿದ್ದು, ತಲೆಯ ಸೀಳು ನಡುವಿಗೆ ಸರಿಯಾಗಿಲ್ಲದ ಸ್ಕ್ರೂ ಸಿಕ್ಕರೆ ಅದು 19ನೇ ಶತಮಾನದ ಮೊದಲ ಅರ್ಧದ್ದಿರಬಹುದು. ಆಮೇಲೆ ಚೂಪು ತುದಿಯವು ಬಂದವು. ಸಂದಿನಿಂದ ಬಿಳಿ ಅಂಟು ಉಕ್ಕಿ ಒಣಗಿದ್ದರೆ ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ ಎಂಬುದನ್ನು ನೆನಪಿಡಿ. ಅದಕ್ಕೂ ಹಿಂದೆ ಬಳಸುತ್ತಿದ್ದದ್ದು ಚರ್ಮ, ಮೂಳೆ ಕುದಿಸಿ ಮಾಡಿದ ಕಂದು ಅಂಟು. ಹಳೆಯದಾದರೆ ಅದು ಗಾಜಿನ ಚೂರಿನಂತೆ ಪುಡಿಯಾಗುತ್ತದೆ. ಇವೆಲ್ಲ ರಿಪೇರಿಯಲ್ಲೂ ಸೇರಿಕೊಂಡಿರಬಹುದು, ಒಂದು ಸ್ಕ್ರೂ ನೋಡಿ ತೀರ್ಪು ಕೊಡಬೇಡಿ. ಹಿತ್ತಾಳೆಯೆಂದು ಹೇಳಿದ ಹಿಡಿಗೆ ಅಯಸ್ಕಾಂತ ಅಂಟಿದರೆ ಮಾತ್ರ ಮಾತು ಮುಗಿಯಿತು, ಅದು ಲೇಪ ಕೊಟ್ಟ ಕಬ್ಬಿಣ.

ಬೆತ್ತದ ಸೀಟಾದರೆ ಚೌಕಟ್ಟಿನ ಅಡಿ ನೋಡಿ. ಕೈಯಲ್ಲಿ ಹೆಣೆದದ್ದಕ್ಕೆ ಸುತ್ತಲೂ ಒಂದೊಂದೇ ತೂತು ಕೊರೆದು ಎಳೆ ಪೋಣಿಸಿರುತ್ತಾರೆ. ಯಂತ್ರದಲ್ಲಿ ನೇಯ್ದ ಬೆತ್ತದ ಹಾಳೆಯಾದರೆ ತೂತೇ ಇರುವುದಿಲ್ಲ, ಮೇಲಿನ ಕಾಲುವೆಯಲ್ಲಿ ಹಾಳೆಯ ಅಂಚು ತುರುಕಿ ಪಟ್ಟಿ ಬಡಿದಿರುತ್ತಾರೆ. ಬೆತ್ತ ಹೊಸದಾಗಿದ್ದರೆ ಅದೇನೂ ದೋಷವಲ್ಲ. ಹರಿದ ಬೆತ್ತ ಬದಲಿಸದೆ ಯಾರು ಬಿಡುತ್ತಾರೆ?

ಬೀಟೆಯೋ, ಬೀಟೆಯ ಬಣ್ಣವೋ

ದಕ್ಷಿಣದ ಹಳೆಯ ಸಾಮಾನಿನಲ್ಲಿ ಬೆಲೆ ನಿಂತಿರುವುದು ಬೀಟೆಯ ಮೇಲೆ. ನೇರಳೆ ಮಿಶ್ರಿತ ಕಂದು, ನಡುನಡುವೆ ಕಪ್ಪು ಗೆರೆ, ಎತ್ತಿದರೆ ತೋಳು ನೋಯುವ ಭಾರ. ತೇಗ ಘನಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಬೀಟೆ ಸುಮಾರು 850. ಒಂದೇ ಅಳತೆಯ ಎರಡು ಕುರ್ಚಿ ಎತ್ತಿದರೆ ಕೈಗೇ ಗೊತ್ತಾಗುತ್ತದೆ. ಉತ್ತರದ ಶೀಶಮ್ ಕೂಡ ಇದೇ ಕುಲದ ಮರ. ಅದನ್ನು ‘ರೋಸ್‌ವುಡ್’ ಎಂದು ಮಾರುವವರು ಪೂರ್ತಿ ಸುಳ್ಳು ಹೇಳುತ್ತಿಲ್ಲ, ಪೂರ್ತಿ ನಿಜವನ್ನೂ ಹೇಳುತ್ತಿಲ್ಲ. ಅದರ ಬಣ್ಣ ಹೊನ್ನುಗಂದು, ನೇರಳೆಯ ಛಾಯೆ ಇರುವುದಿಲ್ಲ. ತೇಗಕ್ಕೋ ಕಾಡುಮರಕ್ಕೋ ಕಡು ಬಣ್ಣ ಕೊಟ್ಟು ಬೀಟೆ ಎನ್ನುವುದು ಮಾತ್ರ ಶುದ್ಧ ಮೋಸ. ಅಂಗಡಿಯವರ ಅನುಮತಿ ಕೇಳಿ, ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಹಳೆಯ ಅರಗಿನ ಪಾಲಿಷ್ ಆದರೆ ಮೆತ್ತಗಾಗಿ ಅಂಟಂಟಾಗುತ್ತದೆ, ಕೆಳಗಿನ ಮರ ತನ್ನ ಬಣ್ಣದಲ್ಲೇ ಇರುತ್ತದೆ. ಈಚಿನ ಪಿಯು, ಮೆಲಮೈನ್ ಲೇಪವಾದರೆ ಸ್ಪಿರಿಟ್ಟಿಗೆ ಜಗ್ಗುವುದೇ ಇಲ್ಲ. ಹತ್ತಿಗೆ ಕಡುಗಂದು ಹತ್ತಿ ಕೆಳಗೆ ಹಳದಿ ಮರ ಇಣುಕಿದರೆ ಥ್ಯಾಂಕ್ಸ್ ಹೇಳಿ ಹೊರಡಿ.

ಶೈಲಿ ಹೇಳುವುದು ಅರ್ಧ ಮಾತ್ರ

ಶೈಲಿಯಿಂದ ತಿಳಿಯುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬುದಷ್ಟೆ. ಸಿಂಹದ ಪಾದ, ಬಳ್ಳಿ, ಹಾವು ಎಲ್ಲ ಸೇರಿಸಿ ಕಿಂಡಿ ಬಿಡುವಂತೆ ಕೊರೆದ ಕರಿಮರದ ಸೋಫಾಗಳು 19ನೇ ಶತಮಾನದ ಮುಂಬಯಿಯ ಕೆಲಸ. ಆ ಕರಿಮರವೆಂದರೆ ಬೀಟೆಯೇ. ಇವತ್ತು ಅದೇ ನಮೂನೆಯನ್ನು ಮಾಡಿಕೊಡುವವರಿಗೂ ಕೊರತೆಯಿಲ್ಲ. ದಂಡಿನ ಜೊತೆ ಊರೂರು ಸುತ್ತುತ್ತಿದ್ದ ಅಧಿಕಾರಿಗಳ ಪೆಟ್ಟಿಗೆ-ಮೇಜುಗಳು ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತಿದ್ದವು. ಮೂಲೆಗಳಿಗೆ ಹಿತ್ತಾಳೆ ಪಟ್ಟಿ, ಹಿಡಿಗಳು ಮರದ ಮಟ್ಟಕ್ಕೆ ಹುದುಗಿರುತ್ತಿದ್ದವು. ಆ ಪಟ್ಟಿಯನ್ನು ಮರ ಕೊರೆದು ಕೂರಿಸಿದ್ದಾರೋ, ಮೇಲೆ ತಗಡಿನಂತೆ ಬಡಿದಿದ್ದಾರೋ ಬೆರಳಾಡಿಸಿ ನೋಡಿ. ಮೆಟ್ಟಿಲು ಮೆಟ್ಟಿಲಾದ ಬದಿ, ದುಂಡು ಮೂಲೆ, ತೆಳು ಹಾಳೆ ಮರ ಅಂಟಿಸಿದ ನುಣುಪು ಮೈ ಇದ್ದರೆ ಅದು ಆರ್ಟ್ ಡೆಕೊ. ಪ್ಯಾರಿಸ್ಸಿನ 1925ರ ಪ್ರದರ್ಶನದಿಂದ ಜಗತ್ತಿಗೆ ಹಬ್ಬಿದ ಈ ಶೈಲಿ ನಮ್ಮಲ್ಲಿ 1930, 40ರ ದಶಕಗಳಲ್ಲಿ ಮನೆಮನೆಗೆ ಬಂತು. ಅದರ ಬೆನ್ನಿಗೆ ಪ್ಲೈವುಡ್ ಕಂಡರೆ ಆಶ್ಚರ್ಯವಿಲ್ಲ. 1850ರದೆಂದು ಹೇಳುವ ಕಪಾಟಿನ ಬೆನ್ನಿಗೆ ಕಂಡರೆ ಇದೆ.

ಮುದ್ರೆಗಳು ಕಾಲವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತವೆ. ‘ಎಂ. ಅಂಡ್ ಎಸ್.ಎಂ.’ ಎಂದು ಒತ್ತಿದ ಬೆಂಚು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದು. ಆ ಕಂಪನಿ ಹುಟ್ಟಿದ್ದು 1908ರಲ್ಲಿ, ದಕ್ಷಿಣ ರೈಲ್ವೆಯಲ್ಲಿ ಲೀನವಾದದ್ದು 1951ರಲ್ಲಿ. ಅಕ್ಷರದ ಗುಳಿಯೊಳಗೂ ಹಳೆಯ ಪಾಲಿಷ್, ಕೊಳೆ ಕೂತಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಗುಳಿಯ ಒಳಗೆ ಮರ ತಿಳಿಯಾಗಿದ್ದರೆ ಮುದ್ರೆ ಆಮೇಲಿನದು. ಇರಾನಿ ಹೋಟೆಲುಗಳಲ್ಲಿ ಕಾಣುವ ಬಾಗಿಸಿದ ಮರದ ಕುರ್ಚಿಗಳ ಮೂಲ ವಿಯೆನ್ನಾದ ಮಿಖಾಯೆಲ್ ಥೋನೆಟ್ 1859ರಲ್ಲಿ ತಂದ 14ನೇ ಮಾದರಿ. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ. ಸೀಟಿನ ಬಳೆಯ ಒಳಮೈಯಲ್ಲಿ ಕಾರ್ಖಾನೆಯ ಚೀಟಿ ಅಥವಾ ಸುಟ್ಟ ಮುದ್ರೆ ಹುಡುಕಿ. ಮರ ಯುರೋಪಿನ ಬೀಚ್, ತಿಳಿ ಬಣ್ಣದ್ದು, ಹಗುರ. ತೇಗದಲ್ಲಿ ಮಾಡಿದ್ದಾದರೆ ಅದು ಇಲ್ಲಿಯದೇ ನಕಲು.

ಈಗ ಎಲ್ಲಕ್ಕಿಂತ ಹೆಚ್ಚು ನಕಲಾಗುತ್ತಿರುವುದು ಇನ್ನೂ ಎಪ್ಪತ್ತು ವರ್ಷವಷ್ಟೇ ದಾಟಿದ ಕುರ್ಚಿ. ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಚಂಡೀಗಢ ಕಟ್ಟುತ್ತಿದ್ದಾಗ ಅವರ ಸೋದರ ಸಂಬಂಧಿ ಪಿಯೆರ್ ಜಾನ್ನರೆ ಅಲ್ಲಿಯ ಕಚೇರಿ, ಗ್ರಂಥಾಲಯಗಳಿಗೆಂದು ತೇಗ ಮತ್ತು ಬೆತ್ತದಲ್ಲಿ, ಇಂಗ್ಲಿಷಿನ ವಿ ಅಕ್ಷರದಂಥ ಕಾಲಿನ ಕುರ್ಚಿಗಳನ್ನು ರೂಪಿಸಿದರು. ಅವುಗಳನ್ನು ಮಾಡಿದ್ದು ಹಲವು ಸ್ಥಳೀಯ ಕಾರ್ಖಾನೆಗಳು. ಮುರಿದಾಗ ಸರ್ಕಾರಿ ಕಚೇರಿಗಳು ಅವನ್ನು ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದವು. ಅವೇ ಪ್ಯಾರಿಸ್, ನ್ಯೂಯಾರ್ಕ್‌ಗಳ ಹರಾಜಿನಲ್ಲಿ ಭಾರೀ ಬೆಲೆಗೆ ಹೋಗತೊಡಗಿದ ಮೇಲೆ, 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ, ರಫ್ತಿಗೆ ತಡೆ ಹಾಕಿತು. ಅಸಲಿ ಕುರ್ಚಿಗಳ ಬೆನ್ನಿಗೆ ಇಲಾಖೆಯ ಹೆಸರು, ಸಂಖ್ಯೆಗಳನ್ನು ಬಣ್ಣದಲ್ಲಿ ಬರೆದಿರುತ್ತಾರೆ. ನಕಲು ಮಾಡುವವರೂ ಅದನ್ನೇ ಬರೆಯುತ್ತಾರೆ. ಬೆಂಗಳೂರಿನ ಕೆಫೆಗಳಲ್ಲಿ ಕಾಣುವವು ಹೊಸವು, ಹೊಸವೆಂದೇ ಮಾರಿದರೆ ಅದರಲ್ಲಿ ತಪ್ಪೇನಿಲ್ಲ, ಕೂರಲು ಚೆನ್ನಾಗಿಯೇ ಇರುತ್ತವೆ.

ಗೋಡೆಗೆ, ಶೋಕೇಸಿಗೆ

ಬಿಡಿ ಅಲಂಕಾರ ವಸ್ತುಗಳಲ್ಲಿ ಹಿತ್ತಾಳೆ ಕಹಳೆಯ ಗ್ರಾಮಫೋನನ್ನು ಕಣ್ಣುಮುಚ್ಚಿ ಬಿಟ್ಟುಬಿಡಿ. ಫಳಫಳಿಸುವ ಕಹಳೆ, ಎಂಟು ಮೂಲೆಯ ಪೆಟ್ಟಿಗೆ, ಮುಂದೆ ನಾಯಿಯ ಚಿತ್ರದ ಹೊಸ ತಗಡು ಇದ್ದರೆ ಅದು ಪ್ರವಾಸಿಗರಿಗೆಂದೇ ಜೋಡಿಸಿದ್ದು.

ರವಿವರ್ಮರ ಚಿತ್ರದ ಹಳೆಯ ಅಚ್ಚು ಅನೇಕರ ಅಟ್ಟದಲ್ಲಿರಬಹುದು. ಅವರ ಮುದ್ರಣಾಲಯ ಶುರುವಾದದ್ದು 1894ರಲ್ಲಿ, ಮುಂಬಯಿಯಲ್ಲಿ. ಆಮೇಲೆ ಲೋನಾವಳದ ಹತ್ತಿರಕ್ಕೆ ಹೋಯಿತು. ಕಲ್ಲಚ್ಚಿನಿಂದ ಬಣ್ಣಬಣ್ಣವಾಗಿ ಮೇಲಿಂದ ಮೇಲೆ ಒತ್ತಿದ್ದರಿಂದ ಭೂತಗನ್ನಡಿಯಲ್ಲಿ ಲಕ್ಷ್ಮಿಯ ಕೆನ್ನೆ ನೋಡಿದರೆ ಮರಳು ಚೆಲ್ಲಿದ ಹಾಗೆ ಲೆಕ್ಕತಪ್ಪಿದ ಚುಕ್ಕಿಗಳು. ಈಗಿನ ಅಚ್ಚಿನಲ್ಲಿ ಅದೇ ಜಾಗದಲ್ಲಿ ಸಾಲುಹಿಡಿದ ಚುಕ್ಕಿಗಳ ಜಾಲ ಕಾಣುತ್ತದೆ. ಕಾಗದ ಹಳದಿಯಾಗಿದೆ ಎಂಬುದು ಲೆಕ್ಕಕ್ಕಿಲ್ಲ, ಮೊದಲೇ ಹೇಳಿದ ಚಹಾ ಇಲ್ಲೂ ಕೆಲಸ ಮಾಡುತ್ತದೆ.

ಬೀಟೆ ಮರವನ್ನು ಕೊರೆದು ಬೇರೆ ಬಣ್ಣದ ತುಂಡು ಕೂರಿಸುವ ಮೈಸೂರಿನ ಇನ್‌ಲೇ ಕೆಲಸದಲ್ಲಿ ಹಿಂದೆ ದಂತ ಬಳಸುತ್ತಿದ್ದರು. ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ದಂತವನ್ನು ಅಡ್ಡಕ್ಕೆ ಕತ್ತರಿಸಿದ ಮುಖದಲ್ಲಿ ಒಂದನ್ನೊಂದು ಹಾಯುವ ಕಮಾನು ಗೆರೆಗಳಿರುತ್ತವೆ, ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕಿ, ಗೀರುಗಳು, ಪ್ಲಾಸ್ಟಿಕ್ಕಿನಲ್ಲಿ ಎರಡೂ ಇಲ್ಲ. ದಂತವೇ ಎಂದು ಖಚಿತವಾದರೆ ಸಂತೋಷಪಡುವಂತಿಲ್ಲ: ವನ್ಯಜೀವಿ ಕಾಯ್ದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳ ನಂತರ ಅದರ ವ್ಯಾಪಾರ ಅಪರಾಧ. ಎಷ್ಟೇ ಹಳೆಯದೆಂದರೂ ಕೊಳ್ಳಬೇಡಿ.

ಕಾಗದಪತ್ರ

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕರಕುಶಲ ವಸ್ತುಗಳು ಪುರಾವಸ್ತುಗಳು. ಕಟ್ಟಡದಿಂದ ಕಿತ್ತು ತಂದ ಬಾಗಿಲವಾಡ, ಕೆತ್ತನೆಯ ಕಂಬವೂ ಇದರಲ್ಲಿ ಸೇರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಜ್ಜಿಯ ಬೀಟೆ ಕುರ್ಚಿಯನ್ನು ಅಮೆರಿಕಕ್ಕೋ ಕೊಲ್ಲಿಗೋ ಸಾಗಿಸುವ ಯೋಚನೆಯಿರುವವರು ಇನ್ನೊಂದನ್ನೂ ಗಮನಿಸಬೇಕು: 2017ರ ಜನವರಿಯಿಂದ ಬೀಟೆ, ಶೀಶಮ್‌ಗಳ ಇಡೀ ಕುಲ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿದೆ. ಪ್ಯಾಕರ್ಸ್‌ನವರಿಗೆ ಮುಂಗಡ ಕೊಡುವ ಮೊದಲೇ ಅರಣ್ಯ, ಕಸ್ಟಮ್ಸ್ ಕಡೆಯ ಕಾಗದ ವಿಚಾರಿಸಿಕೊಳ್ಳಿ. ನೂರು ವರ್ಷ ಆಗಿಲ್ಲದ ವಸ್ತುವಾದರೆ ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೊಡುತ್ತದೆ.

ಕೊಳ್ಳುವ ಮೊದಲು ಅಸಲಿಯನ್ನು ಕಣ್ತುಂಬ ನೋಡಿರಬೇಕು. ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ ಮಣಿಪಾಲದ ಹಸ್ತಶಿಲ್ಪ, ಚೆನ್ನೈ ಬಳಿಯ ದಕ್ಷಿಣಚಿತ್ರ, ಗೋವಾದ ಚಾಂದೋರಿನ ಬ್ರಗಾಂಝಾ ಮನೆ ಇದಕ್ಕೆ ಒಳ್ಳೆಯ ಜಾಗಗಳು. ಮುಟ್ಟುವಂತಿಲ್ಲ, ಆದರೆ ಬಗ್ಗಿ ನೋಡಲು ಅಡ್ಡಿಯಿಲ್ಲ.

ವ್ಯಾಪಾರ ಕುದುರಿದ ಮೇಲೆ ಬಿಲ್ಲಿನಲ್ಲಿ ‘ಮರದ ಕುರ್ಚಿ 1’ ಎಂದಷ್ಟೇ ಬರೆಸಿಕೊಳ್ಳಬೇಡಿ. ಯಾವ ಮರ, ಸುಮಾರು ಯಾವ ದಶಕದ್ದು, ಯಾವ ಭಾಗ ಬದಲಾಗಿದೆ, ಪಾಲಿಷ್ ಯಾವಾಗಿನದು ಎಂಬುದನ್ನು ಅಂಗಡಿಯವರ ಕೈಯಲ್ಲೇ ಬರೆಸಿ, ಸಹಿ ಹಾಕಿಸಿ. ಬಾಯಲ್ಲಿ ಹೇಳಿದ ಎಸ್ಟೇಟ್ ಬಂಗಲೆಯನ್ನು ಕಾಗದದ ಮೇಲೆ ಬರೆಯಲು ಅವರು ಒಪ್ಪದಿದ್ದರೆ ಜಗಳ ಬೇಡ. ಹೊಸ ಕುರ್ಚಿಯ ರೇಟಿಗೆ ಕೇಳಿ.